ಇನ್ನೂರ ಇಪ್ಪತ್ನಾಲ್ಕರಲ್ಲಿ ಒಬ್ಬರು

ಮಂಡ್ಯದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅವತ್ತು ಹೇಳಲು ಮರೆತ ಒಂದೆರಡು ಸಂಗತಿ ಸೇರಿಸಿದ್ದೇನೆ. ಮಾತಿನ ಧಾಟಿ ಮಾತ್ರ ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಧ್ಯಾಹ್ನ ಊಟ ಆದ ಮೇಲೆ ಉಪನ್ಯಾಸ ಇಡುವವರಿಗೆ ಉಪನ್ಯಾಸಕರ ಮೇಲೆ ಏನೋ ಹಳೇ ಸಿಟ್ಟಿರಬೇಕು. ಮುದ್ದೆ ಉಂಡು ಬಂದಿದ್ದೀರಿ. ನಿದ್ದೆ ಬಂದರೆ ನಿಮ್ಮ ತಪ್ಪಲ್ಲ. ಗೊರಕೆ ಮಾತ್ರ ಬೇಡ.

ನಿಮ್ಮ ಮೇಷ್ಟ್ರು ನನಗೆ ಕೊಟ್ಟ ವಿಷಯ ‘ಗ್ರಾಮೀಣ ಜಿಲ್ಲೆಯ ಶಾಸಕರ ರಾಜಕೀಯ ಜೀವನ’. ಮಂಡ್ಯದಲ್ಲಿ ನಿಂತು ಇದರ ಬಗ್ಗೆ ಮಾತಾಡುವುದು ಕಷ್ಟ. ಇಲ್ಲಿ ಟೀ ಅಂಗಡಿಯಲ್ಲಿ ಕೂತಿರುವ ಯಾರನ್ನು ಬೇಕಾದರೂ ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ. ಯಾವ ಬೂತಲ್ಲಿ ಯಾರಿಗೆ ಎಷ್ಟು ಬಿತ್ತು ಅಂತ ಬಾಯಿಪಾಠ ಒಪ್ಪಿಸುವವರು ನಮ್ಮೂರಲ್ಲೇ ಇಬ್ಬರಿದ್ದಾರೆ. ಅದಕ್ಕೇ ನಾನು ಲೆಕ್ಕದ ತಂಟೆಗೆ ಹೋಗುವುದಿಲ್ಲ. ನಮ್ಮ ಜಿಲ್ಲೆಯ ಒಬ್ಬ ಶಾಸಕರನ್ನು ಇಟ್ಟುಕೊಂಡು, ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇನ್ನೂರ ಇಪ್ಪತ್ನಾಲ್ಕು ಜನರ ಸದನದಲ್ಲಿ ಒಬ್ಬಂಟಿಯಾಗಿ ಕೂತ ಮನುಷ್ಯ ಏನು ಮಾಡಬಹುದು?

ಅವರ ಹೆಸರು ನಿಮಗೆಲ್ಲ ಗೊತ್ತು. ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯ. ಆದರೆ ಅವರ ಹತ್ತಿರ ಹೋಗುವ ಮೊದಲು ನನ್ನದೇ ಒಂದು ಕಥೆ ಇದೆ.

ಕೆಲಸಕ್ಕೆ ಸೇರಿದ ಹೊಸತು. ನನ್ನನ್ನು ದೂರದ ಜಿಲ್ಲೆಗೆ ಹಾಕಿದ್ದರು. ಇಲ್ಲಿ ಅಪ್ಪ ಒಬ್ಬರೇ, ಎರಡು ಎಕರೆ ಕಬ್ಬು ನೋಡಿಕೊಂಡು ಇದ್ದರು. ವರ್ಗಾವಣೆ ಬೇಕಿತ್ತು. ಅಪ್ಪನಿಗೆ ಗೊತ್ತಿದ್ದ ದಾರಿ ಒಂದೇ. “ನಡೀಲಾ, ಎಮ್ಮೆಲ್ಲೆ ಹತ್ರ ಒಂದ್ ಲೆಟ್ರು ಈಸ್ಕಂಡ್ ಬರಾನ” ಅಂದರು. ಯಾವ ಎಂಎಲ್‌ಎ, ಯಾವ ಕ್ಷೇತ್ರ ಅನ್ನುವುದು ಇಲ್ಲಿ ಬೇಡ. ಬೆಳಗ್ಗೆ ಆರೂವರೆಗೆ ಅವರ ಮನೆ ಮುಂದೆ ಇದ್ದೆವು. ನಮಗಿಂತ ಮೊದಲೇ ನಲವತ್ತು ಜನ ಇದ್ದರು.

ಸರದಿ ಬರಲು ಎರಡು ಗಂಟೆ ಹಿಡಿಯಿತು. ನಾನು ಸುಮ್ನೆ ಕೂತು ನೋಡುತ್ತಿದ್ದೆ. ಒಬ್ಬರು ಮಗಳ ಮದುವೆಯ ಲಗ್ನಪತ್ರಿಕೆ ತಂದಿದ್ದರು. ಅವರ ಒತ್ತಾಯ ಮದುವೆಗಲ್ಲ, ಬೀಗರೂಟಕ್ಕೆ ಬರಲೇಬೇಕು ಅಂತ. ಇನ್ನೊಂದು ಊರಿನವರು ಕರೆಂಟಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಸುಟ್ಟು ಎಂಟು ದಿನ ಆಯಿತು, ಪೈರು ಒಣಗ್ತಾ ಇದೆ ಅಂದರು. ಒಬ್ಬ ಅಜ್ಜಿಗೆ ವಿಧವಾ ವೇತನ ನಿಂತುಹೋಗಿತ್ತು. ಒಬ್ಬ ಹುಡುಗನ ಗಾಡಿಯನ್ನು ಪೊಲೀಸರು ಹಿಡಿದಿದ್ದರು. ಇಬ್ಬರು ಅಣ್ಣತಮ್ಮಂದಿರು ಬದುವಿನ ಜಗಳ ಹೊತ್ತು ತಂದಿದ್ದರು, ಎಂಎಲ್‌ಎ ಎದುರಲ್ಲೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎರಡು ಗಂಟೆಯಲ್ಲಿ ಒಬ್ಬರೇ ಒಬ್ಬರು ಕಾನೂನಿನ ಬಗ್ಗೆ ಕೇಳಲಿಲ್ಲ. ಶಾಸಕ ಅಂದರೆ ಶಾಸನ ಮಾಡುವವನು ಅಂತ ನಾನು ಅದೇ ವಾರ ತರಗತಿಯಲ್ಲಿ ಪಾಠ ಮಾಡಿ ಬಂದಿದ್ದೆ.

ನಮ್ಮ ಸರದಿ ಬಂತು. ಕೂರಿಸಿದರು, ಕಾಫಿ ತರಿಸಿದರು, ಅಪ್ಪನ ಮೊಣಕಾಲು ನೋವು ವಿಚಾರಿಸಿದರು. ಪಿಎ ಲೆಟರ್‌ಹೆಡ್ ಮೇಲೆ ಟೈಪ್ ಮಾಡಿಕೊಟ್ಟ. ‘ಇವರ ಕೋರಿಕೆಯನ್ನು ನಿಯಮಾನುಸಾರ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳುವುದು.’ ಅದನ್ನು ತೆಗೆದುಕೊಂಡು ಬೆಂಗಳೂರಿನ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಓದಿ ನಕ್ಕರು. ಬೀರು ತೆಗೆದು ಒಂದು ಕಟ್ಟು ತೋರಿಸಿದರು. “ಎಲ್ಲಾ ಇಂಥವೇ ಸರ್. ಹಿಂದೇನೇ ಫೋನ್ ಬಂದ್ರೆ ಇದು ಲೆಟ್ರು. ಬರ್ಲಿಲ್ಲ ಅಂದ್ರೆ ಪೇಪರ್ರು.”

ಫೋನ್ ಬರಲಿಲ್ಲ. ಮೂರು ವರ್ಷ ಕಳೆದು ನನ್ನ ಸರದಿ ಬಂದಾಗ ವರ್ಗಾವಣೆ ತಾನಾಗೇ ಆಯಿತು. ಮುಂದಿನ ಎಲೆಕ್ಷನ್‌ನಲ್ಲಿ ಅಪ್ಪ ಅದೇ ಮನುಷ್ಯನಿಗೆ ವೋಟು ಹಾಕಿದರು. ನನಗೆ ರೇಗಿತು. ಅಪ್ಪ ಹೇಳಿದ್ದು ಇಷ್ಟೇ: “ಕೂರ್ಸಿ ಕಾಫಿ ಕೊಟ್ಟ ಕಣ್ಲಾ. ಮಂಡಿ ನೋವು ಕೇಳ್ದ. ನೀನು ಕೇಳಿದ್ಯಾ?”

ಆ ಪ್ರಶ್ನೆಗೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ. ಹಳ್ಳಿಗಾಡಿನ ಶಾಸಕರ ಬಗ್ಗೆ ಯಾರಾದರೂ ಪೇಟೆಯಿಂದ ಬಂದು ಉಪದೇಶ ಮಾಡಿದರೆ ನನಗೆ ಈ ಮಾತು ನೆನಪಾಗುತ್ತದೆ.

ಈ ದೂರು ಹೇಳಿಕೊಳ್ಳುವ ಪದ್ಧತಿ ನಮ್ಮ ಸೀಮೆಯಲ್ಲಿ ಇವತ್ತಿನದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ಮೊದಲ ಸಭೆಗೆ 144 ಜನ ಬಂದಿದ್ದರು. ಜಮೀನುದಾರರು, ವ್ಯಾಪಾರಿಗಳು, ಹೀಗೆ ಊರಿನ ದೊಡ್ಡವರು. ಅವರಿಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ದಸರಾ ಹೊತ್ತಿಗೆ ಮೈಸೂರಿಗೆ ಬರುವುದು, ಸರ್ಕಾರದ ವರ್ಷದ ಲೆಕ್ಕ ಕೇಳುವುದು, ಊರಿನ ಕಷ್ಟ ಹೇಳುವುದು, ಹೋಗುವುದು. ಮೈಸೂರಿನ ಪುರಭವನ ರಂಗಾಚಾರ್ಲು ಅವರ ನೆನಪಿಗೆ ಕಟ್ಟಿದ್ದು, ಅದರ ಮುಂದೆ ಬಸ್ಸಿಗೆ ಕಾಯುವಾಗ ಒಮ್ಮೆ ತಲೆ ಎತ್ತಿ ನೋಡಿ. ನನ್ನ ಅನುಮಾನ ಏನು ಅಂದರೆ, ಹೆಸರು ವಿಧಾನಸಭೆ ಅಂತ ಬದಲಾದರೂ, ಚುನಾವಣೆ ಬಂದು ಎಲ್ಲರಿಗೂ ವೋಟು ಸಿಕ್ಕರೂ, ನಮ್ಮ ಜನ ತಮ್ಮ ಪ್ರತಿನಿಧಿಯನ್ನು ಈಗಲೂ ಬಿನ್ನಹ ಹೊತ್ತು ಹೋಗುವವನು ಅಂತಲೇ ನೋಡುತ್ತಾರೆ. ಬಿನ್ನಹ ಕೊಡುವ ಜಾಗ ಮಾತ್ರ ದಿವಾನರ ಸಭೆಯಿಂದ ಎಂಎಲ್‌ಎ ಮನೆ ಜಗಲಿಗೆ ಬಂದಿದೆ.

ಮಂಡ್ಯ ಜಿಲ್ಲೆ ಆಗಿದ್ದು 1939ರಲ್ಲಿ. ಮೈಸೂರಿನಿಂದ ಬೇರೆ ಮಾಡಿದರು. ಕಾರಣ ನೀರು. ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್ ಅಣೆಕಟ್ಟಿನ ಕೆಲಸ 1911ರಲ್ಲಿ ಶುರುವಾಗಿ 1932ರ ಹೊತ್ತಿಗೆ ಮುಗಿದಿತ್ತು. ಇರ್ವಿನ್ ನಾಲೆ ಅಂದರೆ ಈಗಿನ ವಿ.ಸಿ. ನಾಲೆ ಹರಿಯಿತು, ಮೈಶುಗರ್ ಸಕ್ಕರೆ ಕಾರ್ಖಾನೆ ಬಂತು, ರಾಗಿ ಬೆಳೆಯುತ್ತಿದ್ದ ಒಣ ಭೂಮಿ ಕಬ್ಬಿನ ಗದ್ದೆ ಆಯಿತು. ಅಲ್ಲಿಂದ ಈಚೆಗೆ ಇಲ್ಲಿನ ರಾಜಕೀಯವನ್ನು ಎರಡು ಸಂಖ್ಯೆಯಲ್ಲಿ ಹೇಳಿಬಿಡಬಹುದು. ಒಂದು, ಕಟ್ಟೆಯಲ್ಲಿ ಎಷ್ಟು ಅಡಿ ನೀರಿದೆ. ಇನ್ನೊಂದು, ಟನ್ ಕಬ್ಬಿಗೆ ಎಷ್ಟು ರೂಪಾಯಿ. ಕಟ್ಟೆ ಪೂರ್ತಿ 124.80 ಅಡಿ ತುಂಬಿದ ವರ್ಷ ಎಂಎಲ್‌ಎಗಳ ಮುಖದಲ್ಲಿ ಕಳೆ ಇರುತ್ತದೆ. ತುಂಬದ ವರ್ಷ ಅವರು ಫೋನ್ ಎತ್ತುವುದಿಲ್ಲ.

ಈ ಜಿಲ್ಲೆಯಿಂದ ಸದನಕ್ಕೆ ಹೋದ ಘಟಾನುಘಟಿಗಳು ಬೇಕಾದಷ್ಟು. ಸೋಮನಹಳ್ಳಿಯ ಎಸ್.ಎಂ. ಕೃಷ್ಣ 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ಗೆದ್ದರು. ಆಮೇಲೆ ಅವರು ಹತ್ತದ ಮೆಟ್ಟಿಲಿಲ್ಲ. ಲೋಕಸಭೆ, ಮಂತ್ರಿ, ಸಭಾಧ್ಯಕ್ಷ, ಉಪಮುಖ್ಯಮಂತ್ರಿ, ಮುಖ್ಯಮಂತ್ರಿ, ರಾಜ್ಯಪಾಲ, ವಿದೇಶಾಂಗ ಸಚಿವ. ಜಿ. ಮಾದೇಗೌಡರು ಕಿರುಗಾವಲು ಕ್ಷೇತ್ರದಿಂದ ಆರು ಸಲ ಗೆದ್ದರು, ಎರಡು ಸಲ ಲೋಕಸಭೆಗೆ ಹೋದರು, ಕಾವೇರಿ ಹೋರಾಟ ಅಂದರೆ ಅವರೇ ಅನ್ನುವ ಹಾಗೆ ಬದುಕಿದರು. ತಮಾಷೆ ನೋಡಿ, ಅವರು ಆರು ಸಲ ಗೆದ್ದ ಕಿರುಗಾವಲು ಕ್ಷೇತ್ರ ಈಗ ನಕಾಶೆಯಲ್ಲೇ ಇಲ್ಲ. 2008ರ ಮರುವಿಂಗಡಣೆಯಲ್ಲಿ ಅದೂ ಹೋಯಿತು, ಕೆರಗೋಡೂ ಹೋಯಿತು. ಪಾಂಡವಪುರ ಹೋಗಿ ಮೇಲುಕೋಟೆ ಆಯಿತು. ಈಗ ಜಿಲ್ಲೆಗೆ ಏಳು ಕ್ಷೇತ್ರ.

ಕೃಷ್ಣ ಅವರದು ಏಣಿಯ ಕಥೆ. ಮಾದೇಗೌಡರದು ಬೇರಿನ ಕಥೆ. ಇವೆರಡನ್ನೂ ನೀವು ಬೇರೆ ಕಡೆ ಕೇಳಿರುತ್ತೀರಿ. ಪುಟ್ಟಣ್ಣಯ್ಯ ಅವರದು ಎರಡೂ ಅಲ್ಲದ ಕಥೆ, ಅದಕ್ಕೇ ನನಗೆ ಇಷ್ಟ.

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿ ಅವರ ಊರು. ಹುಟ್ಟಿದ್ದು 1949ರಲ್ಲಿ. ಅಂದಹಾಗೆ ಈ ಪಾಂಡವಪುರಕ್ಕೆ ಹಿರೋಡೆ ಅಂತಲೂ ಹೆಸರಿತ್ತು, ಫ್ರೆಂಚ್ ರಾಕ್ಸ್ ಅಂತಲೂ ಇತ್ತು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಬಂದ ಹೆಸರು. ನಮ್ಮಜ್ಜಿ ಕೊನೇವರೆಗೂ ‘ಪ್ರೆಂಚ್‌ರಾಕ್ಸ್ ಸಂತೆ’ ಅಂತಲೇ ಅನ್ನುತ್ತಿದ್ದಳು. ಇರಲಿ.

1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು. ಅದರ ಬೆನ್ನಿಗೇ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಅದರ ನಾಯಕ ಎಂ.ಡಿ. ನಂಜುಂಡಸ್ವಾಮಿ ಅವರ ಹೆಸರು ನೀವು ಪಠ್ಯದಲ್ಲಿ ಓದಿದ್ದೀರಿ. ಹಸಿರು ಶಾಲು ಹೆಗಲ ಮೇಲೆ ಬಂದದ್ದು ಆ ದಿನಗಳಲ್ಲಿ. ಸಾಲ ವಸೂಲಿಗೆ ಬರುವ ಅಧಿಕಾರಿಗಳು ಅಪ್ಪಣೆ ಇಲ್ಲದೆ ಊರೊಳಗೆ ಬರಬಾರದು ಅಂತ ಊರ ಬಾಗಿಲಲ್ಲಿ ಬೋರ್ಡು ಬಿತ್ತು. ನಮ್ಮ ಪಕ್ಕದ ಊರಲ್ಲೂ ಒಂದು ಇತ್ತು. ನಾನು ಹುಡುಗನಾಗಿದ್ದಾಗ ಅದನ್ನು ಓದಿ ಮೈ ಜುಮ್ ಅಂದಿತ್ತು. ಸರ್ಕಾರದ ಜೀಪು ಅಂದರೆ ಓಡಿಹೋಗಿ ಒಳಗೆ ಸೇರಿಕೊಳ್ಳುತ್ತಿದ್ದ ಜನ, ಜೀಪಿಗೇ ‘ನಿಲ್ಲು’ ಅಂದಿದ್ದರು.

ಆ ಬೋರ್ಡಿನ ಕಡೆಯಿಂದ ಬಂದವರು ಪುಟ್ಟಣ್ಣಯ್ಯ. ರೈತ ಸಂಘದ ಕಾರ್ಯಕರ್ತರಾಗಿ ಬೆಳೆದರು. ಅವರ ಭಾಷಣ ನಾನು ಮೂರು ನಾಲ್ಕು ಸಲ ಕೇಳಿದ್ದೇನೆ. ಮೈಕಿಗೆ ಅಂತ ಬೇರೆ ಕನ್ನಡ ಇಟ್ಟುಕೊಂಡವರಲ್ಲ. ಕಟ್ಟೆ ಮೇಲೆ ಕೂತು ಆಡುವ ಮಂಡ್ಯದ ಮಾತೇ ವೇದಿಕೆಯಲ್ಲೂ. ಹತ್ತು ನಿಮಿಷ ನಗಿಸುತ್ತಿದ್ದರು, ಆಮೇಲೆ ಒಂದು ಲೆಕ್ಕ ಕೇಳುತ್ತಿದ್ದರು. ಕಬ್ಬಿನ ಖರ್ಚೆಷ್ಟು, ಬಂದದ್ದೆಷ್ಟು, ಯಾರ ಜೇಬಿಗೆ ಹೋಯಿತು. ನಕ್ಕವರು ಸುಮ್ಮನಾಗಿಬಿಡುತ್ತಿದ್ದರು.

1994ರಲ್ಲಿ ಪಾಂಡವಪುರದಿಂದ ರೈತ ಸಂಘದ ಅಭ್ಯರ್ಥಿಯಾಗಿ ಗೆದ್ದರು. ಆ ಚುನಾವಣೆಯಲ್ಲಿ ಜನತಾದಳಕ್ಕೆ 115 ಸೀಟು ಬಂತು, ದೇವೇಗೌಡರು ಮುಖ್ಯಮಂತ್ರಿ ಆದರು. ರೈತ ಸಂಘಕ್ಕೆ ಬಂದದ್ದು ಒಂದು. ಒಂದೇ.

ಆ ಒಂದು ಸೀಟಿನ ಕಷ್ಟ ಹೇಳುತ್ತೇನೆ ಕೇಳಿ. ಸದನದಲ್ಲಿ ಮಾತಾಡುವ ಹೊತ್ತನ್ನು ಪಕ್ಷದ ಬಲ ನೋಡಿ ಹಂಚುತ್ತಾರೆ. ದೊಡ್ಡ ಪಕ್ಷಕ್ಕೆ ಗಂಟೆಗಟ್ಟಲೆ, ಒಬ್ಬರೇ ಇದ್ದರೆ ಸಭಾಧ್ಯಕ್ಷರು ಮನಸ್ಸು ಮಾಡಿದಷ್ಟು ನಿಮಿಷ. ಮಾತು ಕಾವೇರುವ ಹೊತ್ತಿಗೆ ಗಂಟೆ ಬಾರಿಸುತ್ತಾರೆ. ಬೇರೆ ಕಲಾಪ ನಿಲ್ಲಿಸಿ ಇದನ್ನು ಚರ್ಚಿಸಿ ಅನ್ನುವ ನಿಯಮ 60ರ ನಿಲುವಳಿ ಸೂಚನೆ, ನಿಯಮ 69ರ ಚರ್ಚೆ ಅಂತ ಪುಸ್ತಕದಲ್ಲಿ ದಾರಿಗಳಿವೆ. ಆದರೆ ಸದನದಲ್ಲಿ ಜನಬಲ ಇದ್ದವರಿಗೆ ಆ ದಾರಿ ಅಗಲ, ಒಂಟಿ ಸದಸ್ಯನಿಗೆ ಕಾಲುದಾರಿ. ಧರಣಿ ಕೂರೋಣ ಅಂದರೆ ಪಕ್ಕದಲ್ಲಿ ಕೂರಲು ಇನ್ನೊಬ್ಬರಿಲ್ಲ. ಒಂದು ಅನುಕೂಲ ಮಾತ್ರ ಉಂಟು. ಹೀಗೇ ಓಟು ಹಾಕಿ ಅಂತ ಪಕ್ಷದ ಅಪ್ಪಣೆ, ಅಂದರೆ ವಿಪ್, ಕೊಡುವವರೂ ಅವರೇ, ಪಾಲಿಸುವವರೂ ಅವರೇ. ನಮ್ಮ ಕಾಲದಲ್ಲಿ ಶಾಸಕರನ್ನು ಬಸ್ಸಿಗೆ ಹತ್ತಿಸಿ ರೆಸಾರ್ಟಿಗೆ ಕರೆದುಕೊಂಡು ಹೋಗುವುದು ನೋಡಿದ್ದೀರಲ್ಲ, ಒಬ್ಬರೇ ಇರುವ ಪಕ್ಷಕ್ಕೆ ಆ ಖರ್ಚಿಲ್ಲ.

ಒಂಟಿ ಸದಸ್ಯನ ಕೈಲಿ ಉಳಿಯುವುದು ಪ್ರಶ್ನೆ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಆ ಲಿಖಿತ ಉತ್ತರದ ಹಾಳೆ ನೋಡಿದ್ದೀರಾ? ನಡುವೆ ಗೆರೆ ಎಳೆದಿರುತ್ತದೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಅ), ಆ), ಇ) ಅಂತ ವಿಂಗಡಣೆ. ಎಡಗಡೆ ನಾಲ್ಕು ಸಾಲಿನ ಪ್ರಶ್ನೆ ಇದ್ದರೆ ಬಲಗಡೆ ‘ಪರಿಶೀಲನೆಯಲ್ಲಿದೆ’. ಅದರ ಕೆಳಗೆ ‘ಅನುದಾನದ ಲಭ್ಯತೆ ಅನುಸರಿಸಿ ಕ್ರಮ ಕೈಗೊಳ್ಳಲಾಗುವುದು’. ಕೊನೆಗೆ ನನಗೆ ತುಂಬಾ ಇಷ್ಟವಾದ ಪದ, ‘ಉದ್ಭವಿಸುವುದಿಲ್ಲ’. ನೀನು ಕೇಳಿದ ಪ್ರಶ್ನೆ ಹುಟ್ಟುವುದೇ ಇಲ್ಲ ಅಂತ! ಪಾಠ ಮಾಡುವಾಗ ನಾನು ಮಕ್ಕಳ ಕೈಗೆ ಇಂಥ ಹಾಳೆ ಕೊಟ್ಟು ‘ಉದ್ಭವಿಸುವುದಿಲ್ಲ’ ಎಷ್ಟಿವೆ ಎಣಿಸಿ ಅಂತಿದ್ದೆ. ನಗುತ್ತಾ ಎಣಿಸುತ್ತಿದ್ದರು.

ಆದರೆ ನಗುವುದಷ್ಟೇ ಆದರೆ ತಪ್ಪು. ಎಷ್ಟು ಸಾವಿರ ಅರ್ಜಿ ಬಾಕಿ ಇದೆ, ಯಾವ ಕಾರ್ಖಾನೆ ರೈತರಿಗೆ ಎಷ್ಟು ದುಡ್ಡು ಕೊಡಬೇಕು, ಇಂಥ ಅಂಕಿ ಸರ್ಕಾರದ ಬಾಯಿಂದ ಹೊರಬರುವುದು ಆ ಹಾಳೆಯಲ್ಲೇ. ಸಹಿ ಬಿದ್ದ ಅಂಕಿ. ಊರಿಗೆ ತಂದು ಮೈಕಲ್ಲಿ ಓದಿದರೆ ಯಾರೂ ಸುಳ್ಳು ಅನ್ನುವಂತಿಲ್ಲ. ಸಂಘದ ಶಾಸಕನಿಗೂ ಬೇರೆ ಶಾಸಕರಿಗೂ ಇರುವ ವ್ಯತ್ಯಾಸ ಇಲ್ಲಿ. ಬೇರೆಯವರಿಗೆ ಸದನ ಮುಗಿದರೆ ಮುಗಿಯಿತು. ಇವರಿಗೆ ಸದನದಲ್ಲಿ ಸಿಕ್ಕ ಹಾಳೆ ಹಿಡಿದುಕೊಂಡು ಕೂರಲು ಹೊರಗೆ ರಸ್ತೆ ಇತ್ತು, ರಸ್ತೆ ತುಂಬಾ ಜನ ಇದ್ದರು.

ಒಂದು ಓಟಿನಿಂದ ಆಗದ್ದೂ ಉಂಟು. ಭೂಸುಧಾರಣಾ ಕಾಯ್ದೆಯ 79ಎ ಕಲಂ ನಿಮ್ಮ ಸಿಲಬಸ್ಸಿನಲ್ಲಿ ಇರಬೇಕು. ಬೇರೆ ಆದಾಯ ಇಂತಿಷ್ಟಕ್ಕಿಂತ ಜಾಸ್ತಿ ಇರುವವರು ಕೃಷಿ ಜಮೀನು ಕೊಳ್ಳುವ ಹಾಗಿಲ್ಲ ಅನ್ನುವ ಕಲಂ ಅದು. ಈ ಬೇಲಿಯನ್ನು ಸಡಿಲ ಮಾಡುವುದಕ್ಕೆ ರೈತ ಸಂಘದ ವಿರೋಧ ಮೊದಲಿಂದಲೂ ಇತ್ತು. 1995ರ ತಿದ್ದುಪಡಿಯಲ್ಲಿ ಆ ಮಿತಿ 2 ಲಕ್ಷಕ್ಕೆ ಏರಿತು. ಆಗ ಪುಟ್ಟಣ್ಣಯ್ಯ ಶಾಸಕರು. 2015ರಲ್ಲಿ ಅದು 25 ಲಕ್ಷ ಆಯಿತು. ಆಗಲೂ ಅವರು ಶಾಸಕರೇ. 2020ರಲ್ಲಿ ಕಲಮನ್ನೇ ಕಿತ್ತುಹಾಕಿದರು, ಅದನ್ನು ನೋಡಲು ಅವರು ಇರಲಿಲ್ಲ. ಎರಡು ಸಲ ಗೆದ್ದರು, ಎರಡು ಸಲವೂ ಅವರಿದ್ದ ಸದನದಲ್ಲೇ ಬೇಲಿ ಒಂದೊಂದು ಮಾರು ಹಿಂದೆ ಸರಿಯಿತು.

1999ರಲ್ಲಿ ಆ ವಿಧಾನಸಭೆಯ ಅವಧಿ ಮುಗಿಯಿತು. ಮತ್ತೆ ಅವರು ಸದನದ ಮೆಟ್ಟಿಲು ಹತ್ತಿದ್ದು 2013ರಲ್ಲಿ. ನಡುವೆ ಹದಿನಾಲ್ಕು ವರ್ಷ.

ರಾಜಕಾರಣಿಗಳ ಪರಿಚಯ ಬರೆಯುವವರು ಈ ಹದಿನಾಲ್ಕು ವರ್ಷವನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ‘ನಂತರದ ಚುನಾವಣೆಗಳಲ್ಲಿ ಸೋಲು ಕಂಡರು.’ ನನಗೆ ಅವರ ರಾಜಕೀಯ ಜೀವನದ ಮುಖ್ಯ ಭಾಗ ಅದೇ ಅನ್ನಿಸುತ್ತದೆ. ನೀವೇ ಯೋಚಿಸಿ. ಸೋತ ಎಂಎಲ್‌ಎ ಮನೆ ಜಗಲಿ ಹೇಗಿರುತ್ತದೆ? ನಲವತ್ತು ಜನ ಇದ್ದ ಕಡೆ ನಾಲ್ಕು ಜನ. ಪಿಎ ಬೇರೆ ಕಡೆ ಸೇರಿಕೊಂಡಿರುತ್ತಾನೆ. ಸೋತವರಲ್ಲಿ ಹೆಚ್ಚಿನವರು ಒಂದೋ ಪಕ್ಷ ಬದಲಿಸುತ್ತಾರೆ, ಇಲ್ಲ ಬೆಂಗಳೂರಿಗೆ ಮನೆ ಬದಲಿಸುತ್ತಾರೆ. ಪುಟ್ಟಣ್ಣಯ್ಯ ಅವರಿಗೆ ಸಂಘ ಇತ್ತು. ಅದೂ ಸಲೀಸಾಗಿ ಇರಲಿಲ್ಲ. ಸಂಘ ಒಡೆಯಿತು, ನಂಜುಂಡಸ್ವಾಮಿ ಅವರಿಗೂ ಇವರಿಗೂ ದಾರಿ ಬೇರೆ ಆಯಿತು. ಆ ಜಗಳದಲ್ಲಿ ಯಾರು ಸರಿ ಅಂತ ತೀರ್ಪು ಕೊಡಲು ನಾನು ಹೋಗುವುದಿಲ್ಲ. ಎರಡೂ ಕಡೆಯವರು ನಮ್ಮೂರಲ್ಲಿ ಇದ್ದರು, ಒಂದೇ ಹಸಿರು ಶಾಲು ಹೊದ್ದು ಒಬ್ಬರನ್ನೊಬ್ಬರು ಮಾತಾಡಿಸುತ್ತಿರಲಿಲ್ಲ. ಅದರಿಂದ ಲಾಭ ಆದದ್ದು ಮೂರನೆಯವರಿಗೆ. 2004ರ ಫೆಬ್ರುವರಿಯಲ್ಲಿ ನಂಜುಂಡಸ್ವಾಮಿ ತೀರಿಕೊಂಡರು. 2005ರಲ್ಲಿ ಸರ್ವೋದಯ ಕರ್ನಾಟಕ ಪಕ್ಷ ಹುಟ್ಟಿತು, ಸಾಹಿತಿ ದೇವನೂರ ಮಹಾದೇವ ಅವರು ಮುಂದೆ ನಿಂತರು. ರೈತರ ಹಸಿರು, ದಲಿತರ ನೀಲಿ ಒಟ್ಟಿಗೆ ಬರಲಿ ಅನ್ನುವ ಆಸೆ ಅದರಲ್ಲಿತ್ತು.

ಇದೇ ಹದಿನಾಲ್ಕು ವರ್ಷದಲ್ಲಿ 2002 ಬಂತು. ಮಳೆ ಕೈಕೊಟ್ಟ ವರ್ಷ. ಮುಖ್ಯಮಂತ್ರಿ ಮಂಡ್ಯ ಜಿಲ್ಲೆಯವರು, ನೀರು ಬಿಡಬೇಕಾದವರೂ ಅವರೇ, ಬಿಡಬೇಡಿ ಅನ್ನುವವರೂ ಅವರ ಜಿಲ್ಲೆಯ ಜನ. ಅಕ್ಟೋಬರಿನಲ್ಲಿ ಕೃಷ್ಣ ಬೆಂಗಳೂರಿನಿಂದ ಮಂಡ್ಯದವರೆಗೆ ಪಾದಯಾತ್ರೆ ಮಾಡಿದರು. ನಾನು ಹೆದ್ದಾರಿ ಪಕ್ಕ ನಿಂತು ನೋಡಿದೆ. ಪಕ್ಕದಲ್ಲಿದ್ದ ನಮ್ಮೂರಿನ ನೀರುಗಂಟಿ ಹೇಳಿದ್ದು ಮರೆತಿಲ್ಲ. “ನಡಿಯೋದು ಸರಿ ಸಾ, ತೂಬಿನ ಬೀಗ ಯಾರ ತಾವ್ ಐತೆ?” ಆ ವರ್ಷ ಅವನ ಕೈಲಿದ್ದ ತೂಬಿಗೂ ನೀರು ಬರಲಿಲ್ಲ.

2013ರಲ್ಲಿ ಪುಟ್ಟಣ್ಣಯ್ಯ ಮೇಲುಕೋಟೆಯಿಂದ ಸರ್ವೋದಯ ಕರ್ನಾಟಕ ಪಕ್ಷದ ಹೆಸರಲ್ಲಿ ಗೆದ್ದರು. ಎದುರಿಗೆ ಇದ್ದವರು ಜೆಡಿಎಸ್‌ನ ಸಿ.ಎಸ್. ಪುಟ್ಟರಾಜು, ಮರುವರ್ಷವೇ ಮಂಡ್ಯದಿಂದ ಲೋಕಸಭೆಗೆ ಹೋದವರು. ಕಾಂಗ್ರೆಸ್ಸಿಗೆ 122 ಸೀಟು, ಸಿದ್ದರಾಮಯ್ಯ ಮುಖ್ಯಮಂತ್ರಿ. ಸರ್ವೋದಯಕ್ಕೆ ಒಂದು. ಮತ್ತೆ ಒಂದೇ! ‘ಒಂದು ವೋಟು, ಒಂದು ನೋಟು’ ಅಂತ ರೈತ ಸಂಘದವರು ಕೇಳುತ್ತಿದ್ದರಲ್ಲ, ಅದನ್ನು ತಮಾಷೆ ಮಾಡುವವರು ಇದ್ದರು. ನಮ್ಮ ಜಿಲ್ಲೆಯಲ್ಲಿ ಎಲೆಕ್ಷನ್ ಖರ್ಚು ಎಲ್ಲಿಗೆ ಹೋಗಿದೆ ಅಂತ ಗೊತ್ತಿರುವವರು ತಮಾಷೆ ಮಾಡುವುದಿಲ್ಲ.

ಗೆದ್ದ ವರ್ಷವೇ ಬೆಳಗಾವಿ. ನವೆಂಬರಿನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ. ಹೊರಗೆ ಕಬ್ಬಿನ ಬೆಲೆಗೆ ಹೋರಾಟ. ಆ ಹೋರಾಟದಲ್ಲಿದ್ದ ರೈತರೊಬ್ಬರು ವಿಷ ಕುಡಿದು ಪ್ರಾಣ ಬಿಟ್ಟರು. ಒಳಗೆ ಹವಾನಿಯಂತ್ರಿತ ಸದನ, ಹೊರಗೆ ಹೆಣ. ಹೊರಗಿನಿಂದ ಒಳಗೆ ಹೋದ ಮನುಷ್ಯನಿಗೆ ಆ ದಿನ ಯಾವ ಕುರ್ಚಿಯಲ್ಲಿ ಕೂತರೂ ಚುಚ್ಚಿರಬೇಕು. ಅದು ನನ್ನ ಊಹೆ ಅಷ್ಟೆ.

2015ರ ಜೂನ್, ಜುಲೈ ನಿಮ್ಮಲ್ಲಿ ಕೆಲವರಿಗೆ ಮಸುಕಾಗಿ ನೆನಪಿರಬಹುದು. ಕಾರ್ಖಾನೆಗಳು ದುಡ್ಡು ಕೊಡಲಿಲ್ಲ, ಕಬ್ಬು ಗದ್ದೆಯಲ್ಲೇ ನಿಂತಿತು. ಕಟಾವಿಗೆ ಪರ್ಮಿಟ್ ಬರಲ್ಲ. ಹನ್ನೆರಡು ತಿಂಗಳಿಗೆ ಕಡಿಯಬೇಕಾದ ಕಬ್ಬು ಹದಿನಾರು ತಿಂಗಳು ನಿಂತರೆ ಏನಾಗುತ್ತದೆ ಗೊತ್ತಾ? ಸೂಲಂಗಿ ಬರುತ್ತದೆ. ದೂರದಿಂದ ನೋಡಲು ಚೆಂದ, ಬೆಳ್ಳಗೆ ಗರಿಗರಿ. ಹತ್ತಿರ ಹೋಗಿ ಮುರಿದರೆ ಒಳಗೆ ಬೆಂಡು. ತೂಕ ಇಲ್ಲ. ನಮ್ಮ ಎರಡು ಎಕರೆಯನ್ನು ಆ ವರ್ಷ ಆಲೆಮನೆಗೆ ಕೊಟ್ಟೆವು, ಅವರು ಹೇಳಿದ್ದೇ ರೇಟು. ನಮಗೆ ನನ್ನ ಸಂಬಳ ಇತ್ತು, ಬದುಕಿದೆವು. ಸಂಬಳ ಇಲ್ಲದ ಮನೆಗಳಲ್ಲಿ ಏನಾಯಿತು ಅಂತ ಆಗ ದಿನಾ ಪೇಪರಲ್ಲಿ ಬರುತ್ತಿತ್ತು. ಸಾವಿನ ಸುದ್ದಿ ಬಂದ ತಾಲ್ಲೂಕುಗಳಲ್ಲಿ ಪಾಂಡವಪುರವೂ ಒಂದು. ರೈತ ಸಂಘದಿಂದ ಗೆದ್ದ ಶಾಸಕರ ತಾಲ್ಲೂಕು! ಇದನ್ನು ಹೇಳದೆ ಅವರನ್ನು ಹೊಗಳಿದರೆ ನಾನು ಅರ್ಧ ಕಥೆ ಹೇಳಿದ ಹಾಗೆ.

ಆಮೇಲೆ 2016. ತಮಿಳುನಾಡಿಗೆ ನೀರು ಬಿಡಿ ಅಂತ ಸುಪ್ರೀಂ ಕೋರ್ಟು. ಸೆಪ್ಟೆಂಬರ್ 23ರಂದು ವಿಶೇಷ ಅಧಿವೇಶನ. ಕಾವೇರಿ ಜಲಾಶಯಗಳ ನೀರು ಕುಡಿಯಲು ಮಾತ್ರ ಅಂತ ಉಭಯ ಸದನ ಒಮ್ಮತದಿಂದ ನಿರ್ಣಯ ಮಾಡಿತು. ಟೀವಿಯಲ್ಲಿ ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಖುಷಿಪಟ್ಟೆ. ಸಾಯಂಕಾಲ ಗದ್ದೆ ಕಡೆ ಹೋದಾಗ ಹೊಳೆಯಿತು. ಕುಡಿಯಲು ಮಾತ್ರ ಅಂದರೆ ನಮ್ಮ ನಾಲೆಗೂ ಇಲ್ಲ ಅಂತ! ಬೆಂಗಳೂರಿನ ನಲ್ಲಿಗೆ ಸರಿ, ಗದ್ದೆಗೆ ಇಲ್ಲ. ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಆದರೆ ಗದ್ದೆಯವರ ಓಟಿನಿಂದ ಸದನಕ್ಕೆ ಹೋದವರಿಗೆ ಆ ಒಮ್ಮತ ಎಷ್ಟು ಭಾರ ಇದ್ದಿರಬೇಕು ನೋಡಿ.

ಇದರ ನಡುವೆ ದಿನನಿತ್ಯದ ಎಂಎಲ್‌ಎ ಕೆಲಸ ಅಂತ ಒಂದು ಇದ್ದೇ ಇದೆಯಲ್ಲ. ಇಲಾಖೆಗಳ ಕೆಲಸ ಎಲ್ಲಿಗೆ ಬಂತು ಅಂತ ನೋಡಲು ಮೂರು ತಿಂಗಳಿಗೊಂದು ಕೆಡಿಪಿ ಸಭೆ. ತಾಲ್ಲೂಕು ಪಂಚಾಯ್ತಿ ಸಭಾಂಗಣದಲ್ಲಿ ಗೋಡಂಬಿ ಬಿಸ್ಕತ್ತು, ನೀರಿನ ಬಾಟಲಿ, ನೀಲಿ ಫೈಲು. ಏನು ಕೇಳಿದರೂ ‘ಮಾಹಿತಿ ತರಿಸಿ ಕೊಡ್ತೀನಿ ಸರ್’. ಶಾಸಕರ ನಿಧಿ ಅಂತ ವರ್ಷಕ್ಕೆ 2 ಕೋಟಿ. ಕೇಳಲು ದೊಡ್ಡದು, ಕ್ಷೇತ್ರದ ಹಳ್ಳಿಗಳಿಗೆ ಹಂಚಿದರೆ ಒಂದು ಊರಿಗೆ ಒಂದು ಚರಂಡಿ. ನನ್ನ ಪ್ರಕಾರ ಹಳ್ಳಿ ಕಡೆಯ ಶಾಸಕರ ನಿಜವಾದ ಅಧಿಕಾರ ಇರುವುದು ಬಗರ್‌ಹುಕುಂ ಸಮಿತಿಯಲ್ಲಿ. ಸರ್ಕಾರಿ ಜಮೀನು ಉಳುತ್ತಿರುವವರಿಗೆ ಅದನ್ನು ಸಕ್ರಮ ಮಾಡಿಕೊಡುವ ಸಮಿತಿ, ಅದಕ್ಕೆ ಅಧ್ಯಕ್ಷರು ಎಂಎಲ್‌ಎ. ಅದಕ್ಕೆ ಹಾಕುವ ಅರ್ಜಿಗಳೇ ನಮೂನೆ 50, ನಮೂನೆ 53, ನಮೂನೆ 57. ಸದನದಲ್ಲಿ ಒಂಟಿ ಆದರೂ ಇಲ್ಲಿ ಒಂಟಿಯಲ್ಲ. ಅವರ ಸಹಿ ಬಿದ್ದರೆ ಒಬ್ಬ ಬಡವನ ಪಹಣಿಯಲ್ಲಿ ಹೆಸರು ಬರುತ್ತದೆ. ಯಾರೂ ಇದರ ಮೇಲೆ ಪಿಎಚ್‌ಡಿ ಮಾಡುವುದಿಲ್ಲ. ನೀವು ಯಾರಾದರೂ ಮಾಡಿ.

2018ರ ಫೆಬ್ರುವರಿ 16, ಶುಕ್ರವಾರ. ಕಾವೇರಿ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಬಂತು. ನ್ಯಾಯಮಂಡಳಿ ಕೊಟ್ಟಿದ್ದ 270 ಟಿಎಂಸಿ ಮೇಲೆ ಕರ್ನಾಟಕಕ್ಕೆ ಇನ್ನೂ 14.75 ಟಿಎಂಸಿ. ಮಂಡ್ಯದಲ್ಲಿ ಬಸ್ಸು ನಿಲ್ಲಲಿಲ್ಲ, ಟೈರು ಸುಡಲಿಲ್ಲ. ತೀರ್ಪು ಬಂದ ದಿನ ಊರು ತಣ್ಣಗಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಎರಡು ದಿನ ಕಳೆದು, ಭಾನುವಾರ ರಾತ್ರಿ, ಮಂಡ್ಯದ ಸರ್ ಎಂ.ವಿ. ಕ್ರೀಡಾಂಗಣದಲ್ಲಿ ಕಬಡ್ಡಿ ನಡೀತಾ ಇತ್ತು. ಪುಟ್ಟಣ್ಣಯ್ಯ ಆಟ ನೋಡುತ್ತಾ ಕೂತಿದ್ದರು. ಅಲ್ಲೇ ಹೃದಯಾಘಾತ ಆಯಿತು. ಅರವತ್ತೆಂಟು ವರ್ಷ. ಅವರ ಅವಧಿ ಮುಗಿಯಲು ಇನ್ನು ಮೂರು ತಿಂಗಳು ಇತ್ತು.

ಮೇ ತಿಂಗಳ ಚುನಾವಣೆಯಲ್ಲಿ ಅವರ ಮಗ ದರ್ಶನ್ ನಿಂತು ಸೋತರು, 2023ರಲ್ಲಿ ಗೆದ್ದರು. ಅಪ್ಪನ ಕುರ್ಚಿಗೆ ಮಗ ಬರುವುದು ರೈತ ಚಳವಳಿಗೆ ಒಪ್ಪುತ್ತದಾ ಅಂತ ನೀವು ಕೇಳಬಹುದು. ಕೇಳಿ. ನನಗೂ ಇರುಸುಮುರುಸಿದೆ. ಹಾಗಂತ ಬೇರೆ ಯಾವ ಪಕ್ಷದವರು ನಮಗೆ ಈ ಪ್ರಶ್ನೆ ಕೇಳಲು ಯೋಗ್ಯರು ಅಂತ ಹುಡುಕಿದೆ, ಸಿಗಲಿಲ್ಲ.

ಇಷ್ಟು ಹೇಳಿ ಕೂತೆ. ಪ್ರಶ್ನೋತ್ತರದಲ್ಲಿ ಹೆಚ್ಚೇನೂ ಬರಲಿಲ್ಲ. ಒಬ್ಬ ಹುಡುಗ ಶಾಸಕರ ಸಂಬಳ ಎಷ್ಟು ಅಂತ ಕೇಳಿದ, ಎಲ್ಲರೂ ನಕ್ಕರು. ಸಭಾಂಗಣ ಖಾಲಿಯಾಗುವಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಬಂದಳು. “ಸಾರ್, ನೀವು ಅಂದ್ರಲ್ಲ ನಮೂನೆ 53, ಅದು ನಮ್ಮನೇಲೂ ಐತೆ” ಅಂದಳು. ಫೋನಿನಲ್ಲಿ ಫೋಟೊ ತೋರಿಸಿದಳು. ಮಡಚಿದ ಗೆರೆಯಲ್ಲಿ ಹರಿದು, ಅಂಟಿಸಿದ ಸ್ವೀಕೃತಿ ಚೀಟಿ. ಅವಳ ತಾತನ ಹೆಸರು, ಸರ್ವೆ ನಂಬರು, ಒಂದು ಎಕರೆ ಹತ್ತು ಗುಂಟೆ. ಕೆಳಗೆ ಮಸುಕಾದ ಸೀಲು, 1999.

ತಾತ ಹೋಗಿ ಆರು ವರ್ಷ ಆಯ್ತಂತೆ. ಈಗ ಉಳುತ್ತಿರುವುದು ಅಪ್ಪ. ವಿಚಾರಿಸಿದಾಗಲೆಲ್ಲ ಏನು ಹೇಳ್ತಾರೆ ಅಂತ ಕೇಳಿದೆ.

“ಪರಿಶೀಲನೆಯಲ್ಲಿದೆ ಅಂತಾರೆ ಸಾರ್” ಅಂದಳು.